ಆಕಾಶಕ್ಕೂ ರಹದಾರಿ

ಹಾರೋದನ್ನ ಕಲೀಬೇಕು ಅಂದರೆ ರೆಕ್ಕೆಗಿಂತ ಮೊದಲು ಕಾಗದ ಬೇಕು. ಆ ಕಾಗದ ಯಾರಿಗೆ ಸಿಗುತ್ತೆ, ಯಾರಿಗೆ ಸಿಗೋದಿಲ್ಲ ಅನ್ನೋದಕ್ಕೂ ಒಂದು ಚರಿತ್ರೆಯಿದೆ. ವಿಮಾನದ ಕಥೆ ಅಂದರೆ ನಾವೆಲ್ಲ ರೈಟ್ ಸೋದರರನ್ನು ಓದಿಕೊಂಡವರು. ಬೆಸ್ಸಿ ಕೋಲ್ಮನ್ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

1892ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ, ಪರರ ಹೊಲವನ್ನು ವಾರಕ್ಕೆ ಉಳುವ ಕಪ್ಪುಜನರ ಮನೆಯಲ್ಲಿ, ಹದಿಮೂರು ಮಕ್ಕಳಲ್ಲಿ ಒಬ್ಬಳಾಗಿ ಹುಟ್ಟಿದಳು ಬೆಸ್ಸಿ. ಹತ್ತಿ ಬಿಡಿಸಿದಳು, ಬಟ್ಟೆ ಒಗೆದಳು. ಶಿಕಾಗೋ ಸೇರಿ ಕ್ಷೌರದಂಗಡಿಯಲ್ಲಿ ಗಿರಾಕಿಗಳ ಉಗುರು ತಿದ್ದಿದಳು. ವಿಮಾನ ನಡೆಸೋದು ಕಲೀತೀನಿ ಅಂದಾಗ ಅವಳ ದೇಶದ ಶಾಲೆಗಳೇ ಬಾಗಿಲು ಹಾಕಿಕೊಂಡವು. ಹೆಣ್ಣು, ಅದರ ಮೇಲೆ ಕಪ್ಪು! ಫ್ರಾನ್ಸಿಗೆ ಹೋಗೆಂದು ದಾರಿ ತೋರಿದವನು 'ಶಿಕಾಗೋ ಡಿಫೆಂಡರ್' ಪತ್ರಿಕೆಯ ಸಂಪಾದಕ ರಾಬರ್ಟ್ ಅಬಟ್. ಆಕೆ ಫ್ರೆಂಚ್ ಕಲಿತಳು, ಪಾಸ್‌ಪೋರ್ಟ್ ಪಡೆದಳು, 1920ರ ನವೆಂಬರಿನಲ್ಲಿ ಹಡಗು ಹತ್ತಿದಳು. ಲ ಕ್ರೊಟೊಯ್ ಎಂಬ ಊರಿನಲ್ಲಿ ಕೊಡ್ರಾನ್ ಸೋದರರ ಶಾಲೆ. 1921ರ ಜೂನ್ 15ರಂದು ಅಂತರರಾಷ್ಟ್ರೀಯ ಪರವಾನಗಿ ಕೈಗೆ ಬಂತು.

1913ರಲ್ಲಿ ಅಂಬೇಡ್ಕರ್ ಕಲಿಯಲು ಹೋಗಿದ್ದು ಅಮೆರಿಕಕ್ಕೆ. ಅದೇ ಅಮೆರಿಕ ತನ್ನ ಮಗಳನ್ನು ಕಲಿಯಲು ಹೊರಗಟ್ಟಿತು. ಹುಟ್ಟಿದ ನೆಲದಲ್ಲಿ ಹೊರಗಿನವರಾಗೋದು ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತಿರುಗಿ ಬಂದ ಬೆಸ್ಸಿ ಟೆಕ್ಸಾಸ್‌ನಲ್ಲಿ ಪ್ರದರ್ಶನ ಕೊಡುವಾಗ ಕರಿಯರಿಗೊಂದು ಬಿಳಿಯರಿಗೊಂದು ಬಾಗಿಲು ಮಾಡಿದರೆ ನಾನು ಹಾರೋದಿಲ್ಲ ಅಂದಳು. ಬಾಗಿಲು ಒಂದಾಯಿತು, ಕೂರುವ ಜಾಗ ಬೇರೆಯೇ ಉಳಿಯಿತು. ತನ್ನವರಿಗೊಂದು ಶಾಲೆ ತೆರೆಯುವ ಕನಸು ಕೈಗೂಡುವ ಮೊದಲೇ, 1926ರಲ್ಲಿ, ವಿಮಾನದಿಂದ ಬಿದ್ದು ಸತ್ತಳು. ಆಗ ವಯಸ್ಸು 34.

ಈಗ ಹೊರದೇಶದವರು ಹಾರಾಟ ಕಲಿಯಲು ಅಮೆರಿಕಕ್ಕೇ ಹೋಗುತ್ತಾರೆ; ನಮ್ಮ ಹುಡುಗರೂ ಹೋಗುತ್ತಾರೆ. ಸರಕಾರ ಒಪ್ಪಿದ ಶಾಲೆಯಿಂದ ಐ-20 ನಮೂನೆ ಬೇಕು. ಅದರ ಮೇಲೆ ಎಂ-1 ವೀಸಾ. ಪದವಿಯ ಜೊತೆಗಾದರೆ ಎಫ್-1. 2001ರ ಸೆಪ್ಟೆಂಬರ್ 11ರ ದಾಳಿಕೋರರಲ್ಲಿ ಕೆಲವರು ಅಲ್ಲೇ ಹಾರಾಟ ಕಲಿತವರು. ಅವರಲ್ಲಿ ಇಬ್ಬರಿಗೆ ವಿದ್ಯಾರ್ಥಿಗಳಾಗಿರಲು ಒಪ್ಪಿಗೆ ಸಿಕ್ಕ ಕಾಗದ ಫ್ಲಾರಿಡಾದ ಶಾಲೆಗೆ ಮುಟ್ಟಿದ್ದು 2002ರ ಮಾರ್ಚಿನಲ್ಲಿ, ಅವರು ಸತ್ತು ಆರು ತಿಂಗಳಿಗೆ! ಆಮೇಲೆ 2003ರಲ್ಲಿ ಕಾನೂನು ಬಿಗಿಯಾಯಿತು. ಬೆರಳಚ್ಚು ಕೊಟ್ಟು, ಹಿನ್ನೆಲೆಯ ತನಿಖೆ ದಾಟಬೇಕು.

ತನಿಖೆ ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮ ತಕರಾರು ಇನ್ನೊಂದು ಬಾಗಿಲಿನದು. ಈ ನಿಯಮ ಬಣ್ಣ ಕೇಳೋದಿಲ್ಲ, ಜಾತಿ ಕೇಳೋದಿಲ್ಲ. ತರಬೇತಿಯ ಖರ್ಚಿಗೆ ಹಣ ಎಲ್ಲಿದೆ ತೋರಿಸು ಅನ್ನುತ್ತೆ. ಅರ್ಜಿ ಹಾಕಿದವನು ಅಲ್ಲೇ ನೆಲೆಸಲು ಬಂದವನೆಂದೇ ಮೊದಲು ಎಣಿಸುತ್ತೆ. ತಿರುಗಿ ಹೋಗುತ್ತೇನೆಂದು ಅವನೇ ನಂಬಿಸಬೇಕು. ಹೇಗೆ ನಂಬಿಸೋದು? ಹೊಲ ಉಳ್ಳವನು ಹೊಲ ತೋರಿಸುತ್ತಾನೆ, ಮನೆ ಉಳ್ಳವನು ಮನೆ. ಕೇರಿಯಲ್ಲಿ ಹುಟ್ಟಿ, ಒಂದು ಗುಂಟೆಯೂ ಇಲ್ಲದವಳು ಏನು ತೋರಿಸಬೇಕು? ತಲೆತಲಾಂತರ ಭೂಮಿ ಕಿತ್ತುಕೊಂಡವರು ನಾವೇ ಅಂತ ಯಾವ ಕಚೇರಿಯೂ ಬರೆದುಕೊಡೋದಿಲ್ಲ.

ಮೇಷ್ಟರುಗಳೇ, ವಿಮಾನದ ಪಾಠ ಮಾಡುವ ದಿನ ಬೆಸ್ಸಿಯ ಹೆಸರನ್ನೂ ಕರಿಹಲಗೆ ಮೇಲೆ ಬರೆಯಿರಿ. ಹಾರುವ ಆಸೆ ಕೇರಿಯ ಮಕ್ಕಳಿಗೂ ಇದೆ. ಅದಕ್ಕೆ ಬೇಕಾದ ಹಣವನ್ನು ಸರಕಾರದಿಂದ ಕೇಳೋದು ಭಿಕ್ಷೆಯಲ್ಲ, ಬಾಕಿ ವಸೂಲಿ.