ಹಾಲಿನ ಹಣದಲ್ಲಿ ನಡೆದ ಆರೋಗ್ಯ ಕೇಂದ್ರ: ಮಳ್ಳೂರು ಹಾಗೂ ಸೇಂಟ್ ಜಾನ್ಸ್‌ನ ಗ್ರಾಮೀಣ ಸೇವೆ

ಬೆಂಗಳೂರಿನಿಂದ ಉತ್ತರಕ್ಕೆ ಯಲಹಂಕ ದಾಟಿ, ದೇವನಹಳ್ಳಿ, ವಿಜಯಪುರಗಳ ಮೂಲಕ ಶಿಡ್ಲಘಟ್ಟದ ಕಡೆಗೆ ಹೋದರೆ ಮಳ್ಳೂರು ಎಂಬ ಹಳ್ಳಿ ಸಿಗುತ್ತದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಈ ದಾರಿಯ ಚಹರೆಯೇ ಬದಲಾಗಿದೆ. ಅದಕ್ಕೂ ಮೊದಲು ಇದು ರೇಷ್ಮೆ, ರಾಗಿ, ಹೈನುಗಾರಿಕೆಗಳ ಸೀಮೆ. ಹೆರಿಗೆ ಕಷ್ಟವಾದರೆ ಗಾಡಿ ಹುಡುಕಿಕೊಂಡು ದೂರದ ಊರಿಗೆ ಓಡಬೇಕಿತ್ತು. ಇಲ್ಲಿ 1973ರಲ್ಲಿ ಊರಿನ ಹಾಲು ಉತ್ಪಾದಕರ ಸಹಕಾರ ಸಂಘವೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ ಸೇರಿ ಒಂದು ಆರೋಗ್ಯ ಕೇಂದ್ರವನ್ನು ಆರಂಭಿಸಿದವು. ಕಥೋಲಿಕ ಗ್ರಾಮೀಣ ಆಸ್ಪತ್ರೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಇಗರ್ಜಿ, ಪಕ್ಕದಲ್ಲಿ ಕಾನ್ವೆಂಟ್, ಅದರಾಚೆ ಆಸ್ಪತ್ರೆಯ ಕಟ್ಟಡ. ಮಳ್ಳೂರಿನದು ಆ ತರಹದ್ದಲ್ಲ. ಆದರೂ ಕರ್ನಾಟಕದ ಕಥೋಲಿಕ ವೈದ್ಯಕೀಯ ಸೇವೆಯ ಚರಿತ್ರೆಯಲ್ಲಿ ಅದಕ್ಕೊಂದು ವಿಶೇಷ ಸ್ಥಾನವಿದೆ.

ಈ ಚರಿತ್ರೆಯನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಆಸ್ಟ್ರೇಲಿಯಾದ ಡಾ. ಮೇರಿ ಗ್ಲೌರಿಯವರು 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಜೆ.ಎಂ.ಜೆ. ಸಭೆಯ ಧರ್ಮಭಗಿನಿಯಾದರು. ಆ ಕಾಲದಲ್ಲಿ ಧರ್ಮಭಗಿನಿಯರು ವೈದ್ಯವೃತ್ತಿ ನಡೆಸಲು ಅನುಮತಿ ಇರಲಿಲ್ಲ. ಇವರಿಗೆ ಜಗದ್ಗುರು 15ನೇ ಬೆನೆಡಿಕ್ಟರಿಂದ ವಿಶೇಷ ಒಪ್ಪಿಗೆ ದೊರೆಯಿತು. ವೈದ್ಯಶಾಸ್ತ್ರ ಮತ್ತು ಹೆರಿಗೆ ಶುಶ್ರೂಷೆಗಳನ್ನು ಧರ್ಮಭಗಿನಿಯರಿಗೆ ಸಾಮಾನ್ಯವಾಗಿ ತೆರೆದುಕೊಟ್ಟಿದ್ದು 1936ರ ರೋಮಿನ ಆದೇಶ. ನಮ್ಮ ಹಳೆಯ ಮಿಷನ್ ಔಷಧಾಲಯಗಳಲ್ಲಿ ನರ್ಸ್ ಭಗಿನಿಯರು ತುಂಬಾ ಇದ್ದು, ವೈದ್ಯೆ ಭಗಿನಿಯರು ಅಪರೂಪವಾಗಿದ್ದುದಕ್ಕೆ ಇದೂ ಒಂದು ಕಾರಣ.

ಡಾ. ಮೇರಿಯವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಇಂದು 'ಚಾಯ್' ಎಂದು ಕರೆಯಲ್ಪಡುವ ಈ ಸಂಘದಲ್ಲಿ ದೇಶದಾದ್ಯಂತ ಸುಮಾರು 3,500 ಸಂಸ್ಥೆಗಳಿವೆ. ಅವುಗಳಲ್ಲಿ ಹೆಚ್ಚಿನವು ಹಳ್ಳಿಗಾಡಿನ ಸಣ್ಣ ಕೇಂದ್ರಗಳು. ಈ ಕೇಂದ್ರಗಳಿಗೆ ಬೇಕಾದ ವೈದ್ಯರನ್ನು ತಯಾರು ಮಾಡಲು ನಮ್ಮದೇ ಕಾಲೇಜು ಬೇಕೆಂಬುದು ಅವರ ಹಂಬಲವಾಗಿತ್ತು. ಅದನ್ನು ಕಾಣುವ ಭಾಗ್ಯ ಅವರಿಗೆ ಸಿಗಲಿಲ್ಲ; 1957ರಲ್ಲಿ ಬೆಂಗಳೂರಿನಲ್ಲೇ ನಿಧನರಾದರು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ಸೇಂಟ್ ಜಾನ್ಸ್ ಕಾಲೇಜನ್ನು ಆರಂಭಿಸಿದ್ದು ಆರು ವರ್ಷಗಳ ಬಳಿಕ, 1963ರಲ್ಲಿ. ಕೋರಮಂಗಲದಲ್ಲಿ ಅದರ ಆಸ್ಪತ್ರೆ ತೆರೆದದ್ದು 1975ರಲ್ಲಿ. ಅಂದರೆ ತನ್ನದೇ ದೊಡ್ಡ ಆಸ್ಪತ್ರೆ ಏಳುವ ಮೊದಲೇ ಕಾಲೇಜು ಮಳ್ಳೂರಿಗೆ ಹೋಗಿತ್ತು.

ಮಳ್ಳೂರಿನ ಲೆಕ್ಕಾಚಾರ ಸರಳವಾಗಿತ್ತು. ರೈತರು ಬೆಳಿಗ್ಗೆ ಸಂಜೆ ಸಂಘಕ್ಕೆ ಹಾಲು ಹಾಕುತ್ತಾರೆ. ಹಾಲಿನ ಹಣದಿಂದ ಲೀಟರಿಗೆ ಕೆಲವೇ ಪೈಸೆಗಳನ್ನು ಆರೋಗ್ಯಕ್ಕೆಂದು ಎತ್ತಿಡುವುದು. ಆ ನಿಧಿಯಿಂದ ವೈದ್ಯರು, ದಾದಿ, ಔಷಧಿಗಳ ಖರ್ಚು. ಆರಂಭದಲ್ಲಿ ಬೆಂಗಳೂರು ಡೈರಿಯ ನೆರವೂ ಇತ್ತು. ಕಾಲೇಜಿನ ಸಮುದಾಯ ಆರೋಗ್ಯ ವಿಭಾಗವು ವೈದ್ಯಕೀಯ ಹೊಣೆ ಹೊತ್ತಿತು. ದಿನನಿತ್ಯದ ಚಿಕಿತ್ಸೆಯ ಜತೆಗೆ ಗರ್ಭಿಣಿಯರ ತಪಾಸಣೆ, ಮಕ್ಕಳಿಗೆ ಚುಚ್ಚುಮದ್ದು ಮುಂತಾದ ಸೇವೆಗಳನ್ನು ಸುತ್ತಲಿನ ಹಳ್ಳಿಗಳಿಗೆ ನೀಡಲಾಯಿತು. ವೈದ್ಯ ವಿದ್ಯಾರ್ಥಿಗಳಿಗೆ ಇದು ಪಾಠಶಾಲೆಯೂ ಆಯಿತು. 'ಎಲ್ಲರಿಗೂ ಆರೋಗ್ಯ' ಎಂಬ ಘೋಷಣೆ ಅಲ್ಮಾ ಆಟಾ ಸಮ್ಮೇಳನದಲ್ಲಿ ಕೇಳಿಬಂದದ್ದು 1978ರಲ್ಲಿ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಇದರ ಮಹತ್ವ ಹಣದ ಮೊತ್ತದಲ್ಲಿಲ್ಲ. ಮಿಷನ್ ಆಸ್ಪತ್ರೆಯಲ್ಲಿ ರೋಗಿಯು ದಾನ ಪಡೆಯುವವನು. ಇಲ್ಲಿ ಅವನೇ ಸಂಬಳ ಕೊಡುವವನು. ವೈದ್ಯರು ಸಮಯಕ್ಕೆ ಬರಲಿಲ್ಲವೆಂದರೆ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಅವನಿಗಿದೆ. ವಿದೇಶದ ದೇಣಿಗೆ ನಿಂತರೆ ಬೀಗ ಬೀಳುವ ಪರಿಸ್ಥಿತಿಯೂ ಇಲ್ಲ. ಆದರೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಹಾಲು ಹಾಕಬೇಕಾದರೆ ಹಸು ಬೇಕು, ಹಸುವಿಗೆ ಮೇವು ಬೇಕು, ಮೇವಿಗೆ ಜಮೀನು ಬೇಕು. ಭೂಮಿಯೂ ಇಲ್ಲದ, ಹಸುವೂ ಇಲ್ಲದ ಕೂಲಿಯವರು ಸಂಘದ ಸದಸ್ಯರಾಗುವುದು ಹೇಗೆ? ಅವರಿಗೂ ಚಿಕಿತ್ಸೆ ಕೊಡಬಹುದು, ಆದರೆ ಸಭೆಯಲ್ಲಿ ಅವರಿಗೆ ದನಿಯಿಲ್ಲ. ಸಹಕಾರದ ಹೆಸರಿನಲ್ಲಿ ನಡೆಯುವ ಯಾವ ಆಸ್ಪತ್ರೆಯೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ಸೇಂಟ್ ಜಾನ್ಸ್‌ನಲ್ಲಿ ದುಡಿದ ಡಾ. ರವಿ ನಾರಾಯಣ್ ಮತ್ತು ಡಾ. ತೆಲ್ಮಾ ನಾರಾಯಣ್ ಅವರು ಮುಂದೆ 1984ರಲ್ಲಿ ಬೆಂಗಳೂರಿನಲ್ಲಿ ಸಮುದಾಯ ಆರೋಗ್ಯಕ್ಕೆಂದೇ ಪ್ರತ್ಯೇಕ ಕೇಂದ್ರವನ್ನು ಆರಂಭಿಸಿ, ಬಡತನ ಮತ್ತು ಆರೋಗ್ಯದ ಸಂಬಂಧವನ್ನು ಚರ್ಚೆಯ ನಡುವಿಗೆ ತಂದರು.

ನಮ್ಮ ಕರಾವಳಿಯವರಿಗೆ ಇಲ್ಲಿ ಕಂಕನಾಡಿಯ ನೆನಪಾಗದಿರದು. 1878ರ ಕೊನೆಗೆ ಮಂಗಳೂರಿಗೆ ಬಂದ ಯೇಸು ಸಭೆಯ ಫಾದರ್ ಮುಲ್ಲರ್ ಅವರು 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಹಂಚಲಾರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ನೀಡಿದರು. ಅವರ ಔಷಧಿಗಳು ದೂರದ ಊರುಗಳಿಗೂ ಮಾರಾಟವಾಗಿ, ಆ ಆದಾಯ ಬಡರೋಗಿಗಳ ಸೇವೆಗೆ ಒದಗುತ್ತಿತ್ತು. ಅಲ್ಲಿ ಮಾತ್ರೆ, ಇಲ್ಲಿ ಹಾಲು. ದಾನವನ್ನೇ ನಂಬಿ ಕೂರದೆ ದಾರಿ ಹುಡುಕಿದವರು ಹಿಂದೆಯೂ ಇದ್ದರು.

ಹಣಕ್ಕೆ ಹೇಗೋ ದಾರಿಯಾಗುತ್ತದೆ. ವೈದ್ಯರನ್ನು ಹಳ್ಳಿಯಲ್ಲಿ ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಇದಕ್ಕಾಗಿ ಸೇಂಟ್ ಜಾನ್ಸ್ ಎರಡು ಕ್ರಮಗಳನ್ನು ಅನುಸರಿಸಿತು. ಮೊದಲನೆಯದು, ವಿದ್ಯಾರ್ಥಿಗಳನ್ನು ಆರಂಭದಲ್ಲೇ ಹಳ್ಳಿಗೆ ಕರೆದೊಯ್ಯುವುದು. ಸರ್ಜಾಪುರದ ಬಳಿಯ ಮುಗಳೂರಿನಲ್ಲಿ ಕಾಲೇಜಿನ ಸಮುದಾಯ ಆರೋಗ್ಯ ತರಬೇತಿ ಕೇಂದ್ರವಿದೆ. ಅಲ್ಲಿ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ನೀರು, ಊಟ, ಸಾಲ, ಜಾತಿ ಇವೆಲ್ಲ ಕಾಯಿಲೆಗೆ ಹೇಗೆ ಸಂಬಂಧಿಸುತ್ತವೆ ಎಂಬುದನ್ನು ನೋಡುತ್ತಾರೆ. ತಾಯಿ-ಮಕ್ಕಳ ಆರೈಕೆಯಲ್ಲದೆ ವೃದ್ಧರಿಗೆ ಮತ್ತು ಮಾನಸಿಕ ಅಸ್ವಸ್ಥರಿಗೆ ಕ್ಲಿನಿಕ್‌ಗಳೂ ಅಲ್ಲಿ ನಡೆದಿವೆ.

ಎರಡನೆಯದು ಗ್ರಾಮೀಣ ಸೇವೆಯ ಬಾಂಡ್. ಪದವಿ ಮುಗಿಸಿದವರು ನಿಗದಿತ ಅವಧಿಗೆ ವೈದ್ಯರ ಕೊರತೆ ಇರುವ ಕಡೆ, ಹೆಚ್ಚಾಗಿ ಧರ್ಮಭಗಿನಿಯರು ನಡೆಸುವ ಸಣ್ಣ ಆಸ್ಪತ್ರೆಗಳಲ್ಲಿ, ಕೆಲಸ ಮಾಡಬೇಕು. ತಪ್ಪಿದರೆ ಹಣ ಕಟ್ಟಬೇಕು. ಅಂಥ ಆಸ್ಪತ್ರೆಯಲ್ಲಿ ಹೊಸ ವೈದ್ಯನಿಗೆ ಒಂದೇ ರಾತ್ರಿ ಹೆರಿಗೆ, ಹಾವು ಕಡಿತ, ವಿಷ ಕುಡಿದವರು ಎಲ್ಲವೂ ಎದುರಾಗಬಹುದು. ಪಕ್ಕದಲ್ಲಿ ತಜ್ಞರಿಲ್ಲ, ಇಪ್ಪತ್ತು ವರ್ಷ ಅನುಭವವಿರುವ ನರ್ಸ್ ಸಿಸ್ಟರ್ ಇದ್ದಾರೆ. ಕೆಲಸ ಕಲಿಸುವವರು ಬಹುಪಾಲು ಅವರೇ. ಅವಧಿ ಮುಗಿದೊಡನೆ ವೈದ್ಯ ಸ್ನಾತಕೋತ್ತರ ಓದಿಗೆ ಹೊರಡುತ್ತಾನೆ. ಸಿಸ್ಟರ್ ಮುಂದಿನವರಿಗೆ ಕಾಯುತ್ತಾರೆ. ಕರ್ನಾಟಕ ಸರಕಾರವೂ 2012ರ ಕಾಯ್ದೆಯ ಮೂಲಕ ವೈದ್ಯ ಪದವೀಧರರಿಗೆ ಕಡ್ಡಾಯ ಸೇವೆಯನ್ನು ವಿಧಿಸಿತು.

ಹಿಂದೆ ಕಾಲೇಜು ತನ್ನದೇ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ ನಡೆಸಿ, ಗ್ರಾಮೀಣ ಸೇವೆಯ ಒಲವಿರುವವರನ್ನು ಗುರುತಿಸಲು ಅವಕಾಶವಿತ್ತು. ನೀಟ್ ಪರೀಕ್ಷೆಯು ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು. ಇದರಿಂದ ಪ್ರವೇಶದಲ್ಲಿ ಪಾರದರ್ಶಕತೆ ಹೆಚ್ಚಿದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಹಳ್ಳಿಯ ಆಸ್ಪತ್ರೆಯಲ್ಲಿ ನಿಲ್ಲುವ ಮನಸ್ಸು ಅಂಕಪಟ್ಟಿಯಲ್ಲಿ ಕಾಣಿಸುವುದಿಲ್ಲ. ಹಾಗಾಗಿ ಈಗ ಆ ಮನಸ್ಸನ್ನು ರೂಪಿಸುವ ಭಾರವೆಲ್ಲ ಪ್ರವೇಶದ ನಂತರದ ವರ್ಷಗಳ ಮೇಲೆ, ಮುಗಳೂರಿನಂಥ ಕೇಂದ್ರಗಳ ಮೇಲೆ ಬಿದ್ದಿದೆ.