ದೂರದರ್ಶಕ ಮಾಡಿದ ಕೈ ಯಾರದು?

ಮನೆಯಲ್ಲೇ ಮಾಡಿದ ಹಳೆಯ ದೂರದರ್ಶಕಕ್ಕೆ ಕಂಪನಿಯ ಹೆಸರಿನ ಫಲಕ ಇರುವುದಿಲ್ಲ. ಮಾಡಿದವರನ್ನು ಹುಡುಕಬೇಕಾದರೆ ನಾವು ಮೊದಲು ನೋಡಬೇಕಾದದ್ದು ಅದರೊಳಗಿನ ಕನ್ನಡಿಯ ಬೆನ್ನು. ವಾರಗಟ್ಟಲೆ ಗಾಜು ಉಜ್ಜಿದವರು ಕೆಲವೊಮ್ಮೆ ಅಲ್ಲಿ ತಮ್ಮ ಹೆಸರು, ಇಸವಿ ಗೀಚಿರುತ್ತಾರೆ. ಅದೂ ಇಲ್ಲವಾದರೆ ಕಾಲವನ್ನಾದರೂ ಊಹಿಸಬಹುದು. ನೀರಿನ ಪೈಪಿನ ತುಂಡುಗಳಿಂದ ಜೋಡಿಸಿದ ಸ್ಟ್ಯಾಂಡ್ ಇದ್ದರೆ ಅಮೆರಿಕದಲ್ಲಿ 1920ರ ದಶಕದಿಂದ ಹಬ್ಬಿದ ಹವ್ಯಾಸ ನೆನಪಾಗುತ್ತದೆ.

ಆ ಹವ್ಯಾಸ ಬೆಳೆದದ್ದು ವರ್ಮಾಂಟ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಅದು ಯಂತ್ರ ತಯಾರಿಸುವ ಕಾರ್ಖಾನೆಗಳ ಊರು. 1920ರಲ್ಲಿ ರಸೆಲ್ ಪೋರ್ಟರ್ ಅಲ್ಲಿನ 15 ಗಂಡಸರಿಗೂ ಒಬ್ಬ ಮಹಿಳೆಗೂ ಕನ್ನಡಿ ಉಜ್ಜುವುದನ್ನು ಕಲಿಸಿದರು. ಆ ಮಹಿಳೆ ಗ್ಲಾಡಿಸ್ ಪೈಪರ್. ಹೆಸರಿಲ್ಲದ ದೂರದರ್ಶಕ ಕಂಡ ಕೂಡಲೇ “ಯಾರೋ ಗಂಡಸು ಮಾಡಿದ್ದು” ಅನ್ನುವವರಿಗೆ ಈ ಹೆಸರು ಹೇಳಬೇಕು!

ಅವರು ಬೆಟ್ಟದ ಮೇಲೆ ಕಟ್ಟಿಕೊಂಡ ಕ್ಲಬ್ ಮನೆಯೇ ಸ್ಟೆಲ್ಲಫೇನ್. ಅದರ ಮುಂಭಾಗದಲ್ಲಿ ನಾವೆಲ್ಲ ಪೂಜೆಯಲ್ಲಿ ಕೇಳಿರುವ 19ನೇ ಕೀರ್ತನೆಯ ಮೊದಲ ಮಾತು ಬರೆದಿದೆ. 1925ರಲ್ಲಿ ಆಲ್ಬರ್ಟ್ ಇಂಗಲ್ಸ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಇವರ ಕುರಿತು ಬರೆದಾಗ ಆ ಮಾತನ್ನೇ ಶೀರ್ಷಿಕೆಯಾಗಿ ಇಟ್ಟರು. ಮರುವರ್ಷ ದೂರದರ್ಶಕ ಮಾಡುವ ವಿಧಾನದ ಪುಸ್ತಕವೂ ಬಂತು. ಓದಿದವರು ಅಡುಗೆಮನೆ, ನೆಲಮಾಳಿಗೆಗಳಲ್ಲಿ ಗಾಜು ಉಜ್ಜತೊಡಗಿದರು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಅಂಥದ್ದೊಂದು ಯಾರಿಗಾದರೂ ಸಿಕ್ಕರೆ ಕನ್ನಡಿಯ ಮುಖವನ್ನು ಬಟ್ಟೆಯಿಂದ ಒರೆಸಬೇಡಿ, ಲೇಪ ಬಹಳ ತೆಳು. ಮೆಲ್ಲಗೆ ಬಿಚ್ಚಿ, ಬೆನ್ನಿನ ಫೋಟೋ ತೆಗೆದಿಡಿ. ಹಳೆಯ ಮರದ ಪೆಟ್ಟಿಗೆ, ಒಳಗಿನ ಚೀಟಿಗಳನ್ನೂ ಎಸೆಯಬೇಡಿ.