ಬೀಜ, ಮಣ್ಣು ಮತ್ತು ಕೊಬ್ಬು

ಕ್ಯಾನ್ಸರ್ ಹೆಚ್ಚಾಗಿ ಜೀವ ತೆಗೆಯೋದು ಹುಟ್ಟಿದ ಜಾಗದಲ್ಲಲ್ಲ, ಬೇರೆ ಅಂಗಗಳಿಗೆ ಹರಡಿದ ಮೇಲೆ. ಅದು ಕೆಲವು ಕಡೆ ಮಾತ್ರ ಯಾಕೆ ಬೇರೂರುತ್ತೆ?

1889. ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಮಂದಿಯ ದಾಖಲೆ ನೋಡಿದರು. ಲಿವರ್‌ನಲ್ಲಿ ಗಡ್ಡೆ ಮತ್ತೆ ಮತ್ತೆ ಕಾಣಿಸ್ತು, ಗುಲ್ಮದಲ್ಲಿ ತೀರಾ ಅಪರೂಪ. ಅವರ ತೀರ್ಮಾನ: ಬೀಜ ಎಲ್ಲಾ ಕಡೆ ಬೀಳುತ್ತೆ, ಒಗ್ಗುವ ಮಣ್ಣಲ್ಲಿ ಮಾತ್ರ ಮೊಳೆಯುತ್ತೆ.

ಆದರೆ ಬೀಜಕ್ಕೆ ಶಕ್ತಿ ಎಲ್ಲಿಂದ? 2017ರಲ್ಲಿ ಬಾರ್ಸಿಲೋನಾದ ಸಾಲ್ವಡೋರ್ ಅಜ್ನಾರ್ ಬೆನಿತಾ ತಂಡ ಒಂದು ಸುಳಿವು ಕೊಡ್ತು. ಹರಡುವ ಕೋಶಗಳ ಮೈಮೇಲೆ ಸಿಡಿ36 ಅನ್ನೋ ಪ್ರೋಟೀನ್ ಇರುತ್ತೆ. ಅದು ಕೊಬ್ಬನ್ನು ಒಳಗೆ ಎಳೆದುಕೊಳ್ಳುತ್ತೆ. ಬಾಯಿ ಕ್ಯಾನ್ಸರ್ ಇದ್ದ ಇಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟಾಗ ಹರಡುವಿಕೆ ಹೆಚ್ಚಾಯ್ತು. ಸಿಡಿ36 ತಡೆದಾಗ ತಗ್ಗಿತು.

2021ರಲ್ಲಿ ಇನ್ನೊಂದು ಅಚ್ಚರಿ. ಪಾಮ್ ಎಣ್ಣೆಯಲ್ಲಿ ಹೇರಳವಾಗಿರೋ ಪಾಲ್ಮಿಟಿಕ್ ಆಮ್ಲವನ್ನು ನಿಲ್ಲಿಸಿದ ಮೇಲೂ ಗಡ್ಡೆಯ ಕೋಶಗಳು ಅದರ 'ನೆನಪು' ಉಳಿಸಿಕೊಂಡಿದ್ದವು! ಆಲಿವ್ ಎಣ್ಣೆಯಲ್ಲಿ ಹೆಚ್ಚಿರೋ ಓಲಿಯಿಕ್ ಆಮ್ಲ ಹಾಗೆ ಮಾಡಲಿಲ್ಲ. ಅಂದ್ರೆ ಎಲ್ಲಾ ಕೊಬ್ಬೂ ಒಂದೇ ಅಲ್ಲ.

ಇವೆಲ್ಲ ಇಲಿಗಳಲ್ಲಿ ಕಂಡದ್ದು, ನೆನಪಿರಲಿ. 'ಎಣ್ಣೆ ಬಿಡಿ, ಕ್ಯಾನ್ಸರ್ ಓಡಿಸಿ' ಅನ್ನೋ ಫಾರ್ವರ್ಡ್ ನಂಬಿ ಯಾರೂ ಚಿಕಿತ್ಸೆ ಬಿಡಬೇಡಿ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದ್ರೆ, ಊಟದ ವಿಷಯವನ್ನೂ ಡಾಕ್ಟರ್ ಹತ್ರಾನೇ ಕೇಳಿ.